ಮಂಗಗಳ ಮರಣವೂ ನೆಲದಿಂದ ಬರುವ ರೋಗಗಳೂ

ಆಲ್ದೂರಿನ ಸುತ್ತಣ ಗ್ರಾಮಗಳಲ್ಲಿಯೂ ಮೂಡಿಗೆರೆ, ಕಳಸ ಸೀಮೆಗಳಲ್ಲಿಯೂ ಕಾರ್ತಿಕ ಮಾಸದ ಸುಮಾರಿಗೆ ಅರೇಬಿಕಾ ಕಾಫಿಯ ಕುಯ್ಲು ಮೊದಲಾಗಿ, ಅದರ ಹಿಂದೆಯೇ ರೊಬಸ್ಟಾ ಕುಯ್ಲೂ ಕರಿಮೆಣಸಿನ ಕುಯ್ಲೂ ಬಂದು, ಬೇಸಗೆಯ ಹೂಮಳೆ ಬೀಳುವವರೆಗೆ ತೋಟಗಳಲ್ಲಿ ಆಳುಗಳ ಓಡಾಟವು ಎಡೆಬಿಡದೆ ನಡೆಯುತ್ತದೆ. ಇದೇ ದಿನಗಳಲ್ಲಿ ಕಾಡಂಚಿನ ತೋಟಗಳಲ್ಲಿ ಒಂದೊಂದು ಸಲ ಕೋತಿಯೋ ಮುಸುವವೋ ಸತ್ತು ಬಿದ್ದಿರುವುದು ಕಂಡುಬರುವುದುಂಟು. ಬೆಳೆ ಹಾಳುಮಾಡುವ ಪ್ರಾಣಿಯೊಂದು ತೊಲಗಿತೆಂದು ಕೆಲವರು ಸುಮ್ಮನಾಗುತ್ತಾರೆ. ಕೆಲವರು ದುರ್ಗಂಧವು ಹರಡೀತೆಂದು ಆಳುಗಳಿಂದ ಹೆಣವನ್ನು ಎಳೆಸಿ ಹಳ್ಳಕ್ಕೆ ಹಾಕಿಸುತ್ತಾರೆ. ಆಂಜನೇಯನಲ್ಲಿ ಭಕ್ತಿಯುಳ್ಳವರು ಅದಕ್ಕೆ ಸ್ನಾನ ಮಾಡಿಸಿ, ಹೂವೇರಿಸಿ, ಮೆರವಣಿಗೆಯಲ್ಲಿ ಕೊಂಡೊಯ್ದು ಸಂಸ್ಕಾರ ಮಾಡುವುದೂ ಉಂಟು. ಸತ್ತ ಮಂಗವು ಏನನ್ನು ತಿಳಿಸುತ್ತದೆಂಬುದನ್ನು ಅರಿಯದೆ ಮಾಡುವ ಈ ಕೆಲಸಗಳಿಂದ ಮನುಷ್ಯರ ಪ್ರಾಣಕ್ಕೇ ಅಪಾಯವು ಒದಗಬಹುದಾದ ಕಾರಣ, ಗ್ರಾಮದ ಮುಖಂಡರೂ ತೋಟದ ಯಜಮಾನರೂ ಈ ವಿಷಯವನ್ನು ಚೆನ್ನಾಗಿ ತಿಳಿದಿರುವುದು ಅವಶ್ಯಕವಾಗಿದೆ.

ನೆಲದಲ್ಲಿ ಅಡಗಿರುವ ರೋಗಬೀಜ

ರೋಗವು ಒಬ್ಬರಿಂದ ಒಬ್ಬರಿಗೆ ಅಂಟುವುದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಕೆಲವು ರೋಗಗಳು ಹಾಗೆ ಅಂಟುವುದಿಲ್ಲ. ಅವುಗಳ ಬೀಜವು ನೆಲದಲ್ಲಿಯೋ ನೆಲದ ಮೇಲಣ ತರಗೆಲೆಯಲ್ಲಿಯೋ ಅಡಗಿದ್ದು, ಅಲ್ಲಿಂದಲೇ ಪ್ರತಿಯೊಂದು ಪ್ರಾಣಿಗೂ ಬೇರೆ ಬೇರೆಯಾಗಿ ತಗಲುತ್ತದೆ. ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕಾಫಿ ಗಿಡಗಳ ಬೇರುರೋಗಗಳು ಇಂತಹವೇ. ಕಡಿದ ಮರದ ಬುಡವು ಮಣ್ಣಿನೊಳಗೆ ಕೊಳೆಯುತ್ತಿರುವಾಗ ಅದರಲ್ಲಿ ಬೂಷ್ಟು ಬೆಳೆದು, ಬೇರಿನಿಂದ ಬೇರಿಗೆ ಹಬ್ಬಿ, ಚೆನ್ನಾಗಿದ್ದ ಗಿಡವನ್ನು ಹಠಾತ್ತಾಗಿ ಒಣಗಿಸುತ್ತದೆ. ಕಂದು ಬೇರುರೋಗ, ಕೆಂಪು ಬೇರುರೋಗ, ಕಪ್ಪು ಬೇರುರೋಗ ಮತ್ತು ಇದೇ ಜಿಲ್ಲೆಯ ಗ್ರಾಮದ ಹೆಸರನ್ನು ಹೊತ್ತಿರುವ ಸಂತವೇರಿ ಬೇರುರೋಗ, ಇವೆಲ್ಲವೂ ಮಣ್ಣಿನ ಬೂಷ್ಟಿನಿಂದ ಬರತಕ್ಕವು.

ತೋಟದಲ್ಲಿ ಇಂತಹ ಗಿಡವೊಂದು ಒಣಗಿದರೆ ತಿಳಿವಳಿಕೆಯುಳ್ಳ ಯಜಮಾನನು ಆ ಒಂದು ಗಿಡವನ್ನು ಕಿತ್ತೆಸೆದು ಕೆಲಸವಾಯಿತೆಂದು ಕುಳಿತುಕೊಳ್ಳುವುದಿಲ್ಲ. ಬುಡವನ್ನು ಬೇರುಸಹಿತ ಅಗೆಸಿ ಸುಡಿಸುತ್ತಾನೆ. ಸುತ್ತಲೂ ಕಂದಕ ತೆಗೆಸಿ ಆ ನೆಲವನ್ನು ಬೇರ್ಪಡಿಸುತ್ತಾನೆ. ಅಲ್ಲಿಯ ಮಣ್ಣನ್ನು ಬೇರೆಡೆಗೆ ಸಾಗಿಸಗೊಡುವುದಿಲ್ಲ. ಒಣಗಿದ ಗಿಡವು ಅವನಿಗೆ ನೆಲದೊಳಗಣ ರೋಗದ ಗುರುತಾಗಿರುತ್ತದೆ. ಸತ್ತ ಮಂಗವನ್ನೂ ಇದೇ ದೃಷ್ಟಿಯಿಂದ ನೋಡತಕ್ಕದ್ದು.

ಮಂಗಗಳಿಗೂ ವಾನರಗಳಿಗೂ ತಗಲುವ ಮಣ್ಣಿನ ಬೂಷ್ಟುರೋಗ

ಮಣ್ಣಿನ ಬೂಷ್ಟು ಗಿಡಗಳಿಗೆ ಮಾತ್ರವಲ್ಲದೆ ಪ್ರಾಣಿಗಳಿಗೂ ರೋಗವನ್ನು ತರಬಲ್ಲದು. ಅಮೆರಿಕ ಖಂಡದ ಮರುಭೂಮಿಯಂತಹ ಪ್ರದೇಶಗಳಲ್ಲಿ, ಅಂದರೆ ಕ್ಯಾಲಿಫೋರ್ನಿಯಾ, ಅರಿಜೋನಾ, ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ ಕೆಲವು ಒಣ ಸೀಮೆಗಳಲ್ಲಿ, ಕಾಕ್ಸಿಡಿಯಾಯ್ಡಿಸ್ ಎಂಬ ಬೂಷ್ಟು ನೆಲದಲ್ಲಿ ವಾಸಿಸುತ್ತದೆ. ಅದರಿಂದ ಉಂಟಾಗುವ ರೋಗಕ್ಕೆ ಅಲ್ಲಿಯ ಜನರು ಕಣಿವೆ ಜ್ವರವೆಂದು ಹೆಸರಿಟ್ಟಿದ್ದಾರೆ. ಈ ರೋಗವನ್ನು ಮೊದಲು ವರ್ಣಿಸಿದವನು ಅರ್ಜೆಂಟೀನ ದೇಶದ ಬ್ಯೂನಸ್ ಐರಿಸ್ ನಗರದ ವೈದ್ಯವಿದ್ಯಾರ್ಥಿ ಅಲೆಹಾಂಡ್ರೊ ಪೊಸಾಡಾಸ್. ಅದು ೧೮೯೨ನೆಯ ಇಸವಿಯ ಮಾತು. ಆಗ ಇದನ್ನು ಒಂದು ಬಗೆಯ ಸೂಕ್ಷ್ಮ ಪ್ರಾಣಿಯ ಉಪದ್ರವವೆಂದು ಭಾವಿಸಲಾಗಿತ್ತು. ೧೯೦೦ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯರಾದ ಆಫುಲ್ಸ್ ಮತ್ತು ಮೊಫಿಟ್ ಎಂಬುವರು ಇದು ಬೂಷ್ಟೇ ಎಂದು ಸಿದ್ಧಪಡಿಸಿದರು. ೧೯೩೨ರಲ್ಲಿ ಸ್ಟೂವರ್ಟ್ ಮತ್ತು ಮೇಯರ್ ಎಂಬುವರು ಕ್ಯಾಲಿಫೋರ್ನಿಯಾದ ಮಣ್ಣಿನಿಂದಲೇ ಅದನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದರು.

ಮಳೆ ಬಿದ್ದಾಗ ಈ ಬೂಷ್ಟು ಮಣ್ಣಿನಲ್ಲಿ ನೂಲಿನಂತೆ ಹಬ್ಬಿ ಬೆಳೆಯುತ್ತದೆ. ಬೇಸಗೆ ಬಂದು ನೆಲ ಒಣಗಿದಾಗ ಆ ನೂಲುಗಳು ತುಂಡುತುಂಡಾಗಿ ಕಡಿದು ಸೂಕ್ಷ್ಮವಾದ ಬೀಜಕಣಗಳಾಗುತ್ತವೆ. ಒಂದೊಂದು ಕಣವೂ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ೨ ರಿಂದ ೫ ಭಾಗಗಳಷ್ಟು ಮಾತ್ರ ಉದ್ದವಾಗಿರುತ್ತದೆ. ನೆಲವನ್ನು ಅಗೆದಾಗ ಅಥವಾ ಬಿರುಗಾಳಿ ಎದ್ದಾಗ ಅವು ಧೂಳಿನೊಂದಿಗೆ ಮೇಲೇರಿ, ಉಸಿರಿನ ಮೂಲಕ ಶ್ವಾಸಕೋಶವನ್ನು ಸೇರುತ್ತವೆ. ಅಲ್ಲಿ ಕಣವು ಉಬ್ಬಿ ಗುಂಡಾದ ಚೀಲದಂತಾಗಿ, ಅದರೊಳಗೆ ನೂರಾರು ಮರಿಗಣಗಳು ಹುಟ್ಟಿ, ಚೀಲವು ಒಡೆದು ಅವೆಲ್ಲ ಹರಡಿಕೊಳ್ಳುತ್ತವೆ. ೧೯೭೭ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಸೀಮೆಯಲ್ಲಿ ಎದ್ದ ಭಾರೀ ಧೂಳಿನ ಬಿರುಗಾಳಿಯು ಈ ಕಣಗಳನ್ನು ಬಹು ದೂರದ ಸ್ಯಾಕ್ರಮೆಂಟೊವರೆಗೆ ಕೊಂಡೊಯ್ದು, ಈ ರೋಗವು ಅಪರೂಪವಾಗಿದ್ದ ಊರುಗಳಲ್ಲಿಯೂ ಜನರು ಕಾಯಿಲೆ ಬೀಳುವಂತೆ ಮಾಡಿತು.

ಮನುಷ್ಯರಂತೆಯೇ ನಾಯಿಗಳಿಗೂ, ಮಂಗಗಳಿಗೂ, ಬಾಲವಿಲ್ಲದ ದೊಡ್ಡ ವಾನರಗಳಿಗೂ ಈ ರೋಗವು ತಗಲುತ್ತದೆ. ಆ ದೇಶದ ಮೃಗಾಲಯಗಳಲ್ಲಿಯೂ ಸಂಶೋಧನಶಾಲೆಗಳಲ್ಲಿಯೂ ಬಯಲಿನ ಆವರಣಗಳಲ್ಲಿ ಸಾಕಿದ್ದ ಗೊರಿಲ್ಲಾ, ಚಿಂಪಾಂಜಿ, ಬಬೂನ್ ಮತ್ತು ರೀಸಸ್ ಕೋತಿಗಳಲ್ಲಿ ಇದು ಕಂಡುಬಂದಿದೆ. ಅರಿಜೋನಾದ ಮೇಸಾ ಎಂಬಲ್ಲಿ ಸಂಶೋಧನೆಗಾಗಿ ಕೋತಿಗಳನ್ನು ಬೆಳೆಸುವ ಕೇಂದ್ರವೊಂದರಲ್ಲಿಯೂ ಅನೇಕ ಕೋತಿಗಳಿಗೆ ಈ ರೋಗವು ತಗಲಿತು. ರೋಗ ಹಿಡಿದ ಮಂಗವು ಕೆಮ್ಮುತ್ತದೆ, ಆಹಾರ ಬಿಟ್ಟು ಬಡವಾಗುತ್ತದೆ, ಉಸಿರಾಟಕ್ಕೆ ಕಷ್ಟಪಡುತ್ತದೆ. ರೋಗವು ಬೆನ್ನುಮೂಳೆಗೆ ಇಳಿದರೆ ಹಿಂಗಾಲುಗಳ ಶಕ್ತಿ ಉಡುಗಿಹೋಗುತ್ತದೆ. ನೋಟಕ್ಕೆ ಇದು ಕ್ಷಯರೋಗದಂತೆಯೇ ಇರುವುದರಿಂದ ಪರೀಕ್ಷೆಯಿಲ್ಲದೆ ನಿರ್ಣಯಿಸುವುದು ಕಷ್ಟ. ಒಂದು ಮಂಗದಿಂದ ಪಕ್ಕದ ಮಂಗಕ್ಕಾಗಲಿ, ಅದನ್ನು ಸಾಕಿದವನಿಗಾಗಲಿ ಇದು ಉಸಿರಿನ ಮೂಲಕ ಅಂಟುವುದಿಲ್ಲ. ಒಂದೇ ಆವರಣದ ಹಲವು ಮಂಗಗಳು ಕಾಯಿಲೆ ಬಿದ್ದರೆ, ಅವೆಲ್ಲವೂ ಒಂದೇ ನೆಲದ ಧೂಳನ್ನು ಸೇವಿಸಿವೆ ಎಂದು ತಿಳಿಯಬೇಕು.

ಮಲೆನಾಡಿನ ನೆಲ ಬೇರೆ, ರೋಗವೂ ಬೇರೆ

ಮೇಲೆ ಹೇಳಿದ ಬೂಷ್ಟು ಭಾರತದ ನೆಲದಲ್ಲಿ ನೆಲಸಿಲ್ಲ. ಮಳೆ ಕಡಮೆಯಾದ, ಮರಳಿನಿಂದ ಕೂಡಿದ, ಕ್ಷಾರದ ಮಣ್ಣು ಅದಕ್ಕೆ ಹಿತವಾದುದು. ಮಲೆನಾಡಿನ ನೆಲವಾದರೋ ಮುಂಗಾರಿನ ಜಡಿಮಳೆಯಲ್ಲಿ ತೊಯ್ದು, ಹುಳಿ ಗುಣವನ್ನು ಹೊಂದಿ, ಮರಗಳ ನೆರಳಿನಲ್ಲಿ ತರಗೆಲೆಯ ಹೊದಿಕೆಯನ್ನು ಹೊದ್ದಿರುತ್ತದೆ. ಆದುದರಿಂದ ಆಲ್ದೂರು ಸೀಮೆಯ ತೋಟದಲ್ಲಿ ಸತ್ತ ಮಂಗವು ಕಣಿವೆ ಜ್ವರದಿಂದ ಸತ್ತಿತೆಂದು ಯಾರೂ ಅಂಜಬೇಕಾದುದಿಲ್ಲ.

ಆದರೆ ಅಷ್ಟರಿಂದಲೇ ನೆಮ್ಮದಿ ತಾಳುವುದಕ್ಕೂ ಆಗದು. ಈ ದೇಶದ ನೆಲದಲ್ಲಿಯೂ ಬೇರೆ ರೋಗಬೀಜಗಳುಂಟು. ತಮಿಳುನಾಡಿನ ಮಧುರೆಯಲ್ಲಿ ೧೮೪೨ರಲ್ಲಿ ಗಿಲ್ ಎಂಬ ವೈದ್ಯನು ಕಂಡು ವರ್ಣಿಸಿದ, ಮಧುರೆ ಪಾದವೆಂದು ಹೆಸರಾದ ರೋಗವು ಇದಕ್ಕೆ ನಿದರ್ಶನ. ಬರಿಗಾಲಿನಲ್ಲಿ ದುಡಿಯುವವನಿಗೆ ಮುಳ್ಳು ಚುಚ್ಚಿದಾಗ ಮಣ್ಣಿನ ಬೂಷ್ಟು ಗಾಯದೊಳಗೆ ಸೇರಿ, ವರ್ಷಗಳ ಮೇಲೆ ಪಾದವು ಗಂಟುಗಂಟಾಗಿ ಊದಿ ಕೀವು ಸುರಿಯುತ್ತದೆ. ಅಮೆರಿಕದಲ್ಲಿ ಮೂಗು ರೋಗದ ಬಾಗಿಲಾದರೆ ಇಲ್ಲಿ ಅಂಗಾಲಿನ ಗಾಯವು ಬಾಗಿಲಾಗುತ್ತದೆ. ಮಲೆನಾಡಿನಲ್ಲಿ ಮಂಗಗಳನ್ನು ಕೊಲ್ಲುವ ರೋಗಕ್ಕಾದರೋ ಬಾಗಿಲು ಮತ್ತೊಂದು; ಅದು ಉಣ್ಣೆಯ ಕಡಿತ. ಇದರ ಬೀಜವೂ ಬೂಷ್ಟಲ್ಲ, ವೈರಸ್ ಎಂಬ ಅತಿಸೂಕ್ಷ್ಮ ವಿಷಾಣು. ಆದರೂ ಅದನ್ನು ಹೊತ್ತ ಉಣ್ಣೆಯು ತರಗೆಲೆಯ ನೆಲದಲ್ಲಿಯೇ ಕಾದಿರುವುದರಿಂದ, ಇದನ್ನೂ ನೆಲದಿಂದ ಏಳುವ ರೋಗವೆಂದೇ ಎಣಿಸಿ ಎಚ್ಚರಿಕೆ ವಹಿಸಬೇಕು.

ಕ್ಯಾಸನೂರು ಕಾಡಿನ ಕಾಯಿಲೆ

೧೯೫೭ರ ಮಾರ್ಚಿ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿತು. ಸುತ್ತಣ ಹಳ್ಳಿಗಳ ಜನರೂ ತೀವ್ರವಾದ ಜ್ವರದಿಂದ ನರಳುತ್ತಿದ್ದರು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿರುವ ಹಳದಿ ಜ್ವರವೇ ಭಾರತವನ್ನು ಪ್ರವೇಶಿಸಿತೇ ಎಂದು ಮೊದಲು ಭಯವುಂಟಾಯಿತು. ಪೂನಾದ ವೈರಸ್ ಸಂಶೋಧನ ಕೇಂದ್ರದ ಟೆಲ್‌ಫರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಬಂದು, ರೋಗಿಗಳ ರಕ್ತವನ್ನೂ ಸತ್ತ ಮಂಗಗಳ ಅವಯವಗಳನ್ನೂ ಪರೀಕ್ಷಿಸಿ, ಇದು ಹಳದಿ ಜ್ವರವಲ್ಲವೆಂದೂ ರಷ್ಯಾ ದೇಶದಲ್ಲಿ ಉಣ್ಣೆಗಳಿಂದ ಹರಡುವ ರೋಗಗಳ ಗುಂಪಿಗೆ ಸೇರಿದ ಹೊಸದೊಂದು ವೈರಸ್ಸೆಂದೂ ಕಂಡುಹಿಡಿದರು. ಕಾಡಿನ ಹೆಸರೇ ರೋಗದ ಹೆಸರಾಯಿತು. ಜನರು ಇದನ್ನು ಮಂಗನ ಕಾಯಿಲೆ ಎನ್ನುತ್ತಾರೆ.

ಆಮೇಲೆ ರೋಗವು ಶಿವಮೊಗ್ಗ ಜಿಲ್ಲೆಯ ಎಲ್ಲೆಯನ್ನು ದಾಟಿ ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಿಗೂ ಹಬ್ಬಿತು. ೧೯೮೨-೮೩ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಸೀಮೆಯಲ್ಲಿ ಗೇರು ತೋಟಕ್ಕಾಗಿ ಕಾಡನ್ನು ಕಡಿದಾಗ ಅಲ್ಲಿ ರೋಗವು ಉಗ್ರವಾಗಿ ತಲೆದೋರಿ ಅನೇಕರನ್ನು ಬಲಿ ತೆಗೆದುಕೊಂಡಿತು. ಕಾಡು ಕಡಿದು ತೋಟ ಮಾಡುವ ಪ್ರತಿಯೊಬ್ಬ ಭೂಮಾಲಿಕನೂ ಜ್ಞಾಪಕದಲ್ಲಿಡತಕ್ಕ ಸಂಗತಿಯಿದು. ೨೦೧೨ರಲ್ಲಿ ಬಂಡೀಪುರದ ಕಾಡಿನಲ್ಲಿಯೂ, ತರುವಾಯ ನೆರೆಯ ವಯನಾಡು, ನೀಲಗಿರಿ, ಗೋವೆ, ಸಿಂಧುದುರ್ಗಗಳಲ್ಲಿಯೂ ಇದು ಕಾಣಿಸಿಕೊಂಡಿತು. ೨೦೧೮ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಪ್ರಬಲವಾಯಿತು. ೨೦೨೪ರ ಆರಂಭದಲ್ಲಿ ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳೊಂದಿಗೆ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಜನರು ಇದರಿಂದ ಪೀಡಿತರಾದರು. ಆದ್ದರಿಂದ ಇದು ದೂರದ ಸೊರಬದ ರೋಗವೆಂದು ಕಾಫಿ ಸೀಮೆಯವರು ಉದಾಸೀನ ಮಾಡುವಂತಿಲ್ಲ.

ಉಣ್ಣೆಯ ಜೀವನಕ್ರಮ

ಈ ರೋಗವನ್ನು ಹರಡುವ ಮುಖ್ಯ ಉಣ್ಣೆಗೆ ಶಾಸ್ತ್ರಜ್ಞರು ಹೀಮಫೈಸಾಲಿಸ್ ಸ್ಪಿನಿಜೆರ ಎಂದು ಹೆಸರಿಟ್ಟಿದ್ದಾರೆ. ಇದು ಮೊಟ್ಟೆಯಿಂದ ಹೊರಬಿದ್ದ ಮೇಲೆ ಮೂರು ಅವಸ್ಥೆಗಳನ್ನು ಕಳೆಯುತ್ತದೆ. ಒಂದೊಂದು ಅವಸ್ಥೆಯಲ್ಲಿಯೂ ಒಂದೊಂದು ಪ್ರಾಣಿಯನ್ನು ಹತ್ತಿ ರಕ್ತ ಹೀರಿ ನೆಲಕ್ಕೆ ಉದುರುತ್ತದೆ. ಮಳೆ ನಿಂತ ಮೇಲೆ ಆರು ಕಾಲಿನ ಸಣ್ಣ ಮರಿಗಳು ಹುಟ್ಟಿ ಕಾಡಿನ ಇಲಿ, ಮೂಗಿಲಿ, ಅಳಿಲುಗಳನ್ನೂ ನೆಲಕ್ಕಿಳಿದ ಮಂಗಗಳನ್ನೂ ಹತ್ತುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಅದು ಮರಿಯ ದೇಹವನ್ನು ಸೇರಿ, ಮರಿಯು ಪೊರೆ ಬಿಟ್ಟು ಬೆಳೆದರೂ ಅಳಿಯದೆ ಉಳಿಯುತ್ತದೆ. ಎರಡನೆಯ ಅವಸ್ಥೆಯಲ್ಲಿ ಎಂಟು ಕಾಲುಗಳುಳ್ಳ ಈ ಎಳೆಯ ಉಣ್ಣೆಯು ಸಾಸಿವೆ ಕಾಳಿಗಿಂತಲೂ ಚಿಕ್ಕದಾಗಿದ್ದು, ಕಣ್ಣಿಗೆ ಸುಲಭವಾಗಿ ಗೋಚರಿಸದು. ಮನುಷ್ಯನನ್ನು ಹೆಚ್ಚಾಗಿ ಕಡಿಯುವುದು ಇದೇ. ಇದರ ಹಾವಳಿಯು ಸುಮಾರಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಕಾಫಿ, ಮೆಣಸುಗಳ ಕುಯ್ಲಿನ ಕಾಲದಲ್ಲಿಯೇ ಹೆಚ್ಚು. ದೊಡ್ಡ ಉಣ್ಣೆಗಳು ಮಳೆಗಾಲದಲ್ಲಿ ದನಕರುಗಳನ್ನೂ ಕಾಡಿನ ದೊಡ್ಡ ಮೃಗಗಳನ್ನೂ ಹತ್ತಿ, ರಕ್ತ ಕುಡಿದು ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತವೆ.

ದನಗಳಿಗೆ ಈ ರೋಗವು ಬಾಧಿಸದು. ಆದರೆ ಕಾಡಿಗೆ ಮೇಯಲು ಬಿಟ್ಟ ದನಗಳ ಮೈಯಲ್ಲಿ ಉಣ್ಣೆಗಳು ಪುಷ್ಟಿಗೊಂಡು ವೃದ್ಧಿಯಾಗುತ್ತವೆ. ಕಾಡಿನಿಂದ ತೋಟಕ್ಕೂ ಕೊಟ್ಟಿಗೆಯ ಬಳಿಗೂ ದನಗಳೇ ಅವನ್ನು ತರುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗವು ಹರಡುವುದಿಲ್ಲ. ಆದುದರಿಂದ ಕಾಯಿಲೆ ಬಿದ್ದ ಆಳನ್ನು ಲೈನಿನಿಂದ ಹೊರಗೆ ಹಾಕುವುದು, ಅವನ ಮನೆಯವರನ್ನು ಬಾವಿಗೆ ಬರಗೊಡದಿರುವುದು ಮೊದಲಾದ ಕ್ರಮಗಳು ಅಜ್ಞಾನದಿಂದ ಹುಟ್ಟಿದವು. ಇವುಗಳಿಂದ ಜನರು ರೋಗವನ್ನು ಮುಚ್ಚಿಡುವಂತಾಗುತ್ತದೆ.

ಮಂಗವು ರೋಗದ ಗುರುತು

ಕೆಂಪು ಮೂತಿಯ ಕೋತಿಗೂ ಕಪ್ಪು ಮೂತಿಯ ಮುಸುವಕ್ಕೂ ಈ ರೋಗವು ಮಾರಕವಾದುದು. ರೋಗ ಬಂದ ಮಂಗದ ರಕ್ತದಲ್ಲಿ ವೈರಸ್ ಹೇರಳವಾಗಿರುವುದರಿಂದ ಅದನ್ನು ಹತ್ತಿದ ಉಣ್ಣೆಗಳೆಲ್ಲ ವಿಷಪೂರಿತವಾಗುತ್ತವೆ. ಮಂಗವು ಸತ್ತು ಅದರ ಮೈ ತಣ್ಣಗಾದೊಡನೆ ಉಣ್ಣೆಗಳು ಆ ದೇಹವನ್ನು ಬಿಟ್ಟು ಸುತ್ತಣ ತರಗೆಲೆಗೆ ಇಳಿಯುತ್ತವೆ. ಹೀಗೆ ಮಂಗ ಬಿದ್ದ ಜಾಗವು ಸುತ್ತಲಿನ ನೆಲಕ್ಕಿಂತ ಬಹು ಹೆಚ್ಚು ಅಪಾಯಕರವಾಗುತ್ತದೆ. ಹೆಣವನ್ನು ಎಳೆದೊಯ್ದರೆ ಎಳೆದ ದಾರಿಯುದ್ದಕ್ಕೂ ಅಪಾಯವನ್ನು ಬಿತ್ತಿದಂತಾಗುತ್ತದೆ. ಸ್ನಾನ ಮಾಡಿಸಿ ಹೊತ್ತು ಮೆರೆಸಿದರೆ ಭಕ್ತರ ಬಟ್ಟೆಗೂ ಮೈಗೂ ಉಣ್ಣೆಗಳು ಹತ್ತುತ್ತವೆ. ಹನುಮಂತನ ಮೇಲಣ ಭಕ್ತಿಯನ್ನು ಯಾರೂ ಅಲ್ಲಗಳೆಯಬೇಕಾದುದಿಲ್ಲ. ದೀಪವನ್ನೂ ಪೂಜೆಯನ್ನೂ ಗುಡಿಯಲ್ಲಿ ನಡೆಸಬಹುದು. ಹೆಣದ ದಹನವನ್ನು ಮಾತ್ರ ಇಲಾಖೆಯ ಸಿಬ್ಬಂದಿಗೆ ಬಿಡತಕ್ಕದ್ದು. ಬೆಂಕಿಗೆ ಒಪ್ಪಿಸುವುದೂ ಒಂದು ಸಂಸ್ಕಾರವೇ ಆಗಿರುವುದರಿಂದ, ಊರಿನ ಹಿರಿಯರು ತಿಳಿಹೇಳಿದರೆ ಜನರು ಒಪ್ಪದಿರರು.

ಮಂಗಗಳೇ ರೋಗಕ್ಕೆ ಕಾರಣವೆಂದು ಅವುಗಳನ್ನು ಕೊಲ್ಲಿಸುವುದರಿಂದಲೂ, ಪಟಾಕಿ ಸಿಡಿಸಿ ಓಡಿಸುವುದರಿಂದಲೂ ಪ್ರಯೋಜನವಿಲ್ಲ. ವೈರಸ್ಸು ಇಲಿ, ಮೂಗಿಲಿ, ಉಣ್ಣೆಗಳ ನಡುವೆ ಮಂಗವಿಲ್ಲದೆಯೂ ಬಾಳುತ್ತದೆ. ರೋಗ ಹಿಡಿದ ಮಂಗವನ್ನು ಬೆದರಿಸಿ ಓಡಿಸಿದರೆ ಅದು ನೆರೆಯವರ ತೋಟದಲ್ಲಿ ಬಿದ್ದು ಸಾಯುತ್ತದೆ. ಕಾಡಿನ ಇಲಿಗಳ ಚಲನೆಯನ್ನು ಯಾರೂ ಕಾಣರು. ಮಂಗದ ಸಾವು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಸುದ್ದಿಯು ಆರೋಗ್ಯ ಇಲಾಖೆಗೆ ಬೇಗ ಮುಟ್ಟಿದಷ್ಟೂ ಆಳುಗಳು ಆ ನೆಲಕ್ಕೆ ಕಾಲಿಡುವುದನ್ನು ಬೇಗ ತಡೆಯಬಹುದು. ಸುದ್ದಿಯು ಮುಟ್ಟದಿದ್ದರೆ, ಲೈನಿನಲ್ಲಿ ಜ್ವರ ಬಿದ್ದ ಮೊದಲನೆಯ ಕೂಲಿಯೇ ಎರಡನೆಯ ಗುರುತಾಗಬೇಕಾಗುತ್ತದೆ.

ಎಲ್ಲ ಮಂಗಗಳೂ ಈ ರೋಗದಿಂದಲೇ ಸಾಯುವುದಿಲ್ಲವೆಂಬುದು ನಿಜ. ವಿದ್ಯುತ್ ತಂತಿ, ನಾಯಿ, ವಿಷ, ಮುಪ್ಪು ಮೊದಲಾದ ಕಾರಣಗಳೂ ಉಂಟು. ಆದರೆ ಕಾರಣವನ್ನು ಕಣ್ಣಿನಿಂದ ನೋಡಿ ತೀರ್ಮಾನಿಸಲಾಗದು. ಪಶುವೈದ್ಯರು ಹೆಣವನ್ನು ಕೊಯ್ದು ಪರೀಕ್ಷಿಸಿ, ಅವಯವಗಳ ತುಣುಕನ್ನು ಪ್ರಯೋಗಾಲಯಕ್ಕೆ ಕಳುಹಿಸಿದ ಮೇಲೆಯೇ ನಿರ್ಣಯವಾಗತಕ್ಕದ್ದು. ಈ ಕೆಲಸಕ್ಕಾಗಿಯೇ ಶಿವಮೊಗ್ಗದಲ್ಲಿ ವೈರಸ್ ಪರೀಕ್ಷಾ ಪ್ರಯೋಗಾಲಯವಿದೆ. ಕೊಳೆತ ಹೆಣದಿಂದ ನಿರ್ಣಯವು ಕಷ್ಟವಾದುದರಿಂದ, ಕಂಡ ದಿವಸವೇ ವರ್ತಮಾನ ಕೊಡುವುದು ಮುಖ್ಯ.

ಮನುಷ್ಯರಲ್ಲಿ ರೋಗದ ಲಕ್ಷಣಗಳು

ಉಣ್ಣೆ ಕಡಿದ ೩ ರಿಂದ ೮ ದಿವಸಗಳೊಳಗೆ ಚಳಿಯೊಡನೆ ಹಠಾತ್ತಾಗಿ ಜ್ವರವೇರುತ್ತದೆ. ಹಣೆ ಸಿಡಿಯುವಂತಹ ತಲೆನೋವು, ಸೊಂಟದಲ್ಲಿಯೂ ಮೀನಖಂಡಗಳಲ್ಲಿಯೂ ಸಹಿಸಲಾರದ ನೋವು, ಕಣ್ಣು ಕೆಂಪಗಾಗುವುದು, ವಾಂತಿ, ಭೇದಿ, ಮಿತಿಮೀರಿದ ನಿತ್ರಾಣ, ಇವು ಕಾಣಿಸುತ್ತವೆ. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತ ಬರುವುದುಂಟು. ಒಂದೆರಡು ವಾರಗಳಲ್ಲಿ ಹಲವರು ಗುಣಹೊಂದುತ್ತಾರೆ. ಕೆಲವರಿಗೆ ಜ್ವರವು ಬಿಟ್ಟು ಮತ್ತೆ ಮರುಕಳಿಸಿ, ಬುದ್ಧಿಭ್ರಮೆ, ನಡುಕ, ಕುತ್ತಿಗೆ ಬಿಗಿತ ಮೊದಲಾದ ಮಿದುಳಿನ ಲಕ್ಷಣಗಳು ತೋರುತ್ತವೆ. ರೋಗ ಬಂದ ನೂರು ಜನರಲ್ಲಿ ಸುಮಾರು ೩ ರಿಂದ ೫ ಜನರು, ಕೆಲವು ಸಲ ಅದಕ್ಕಿಂತಲೂ ಹೆಚ್ಚು ಜನರು ತೀರಿಕೊಳ್ಳುತ್ತಾರೆ.

ಈ ವೈರಸ್ಸನ್ನು ನೇರವಾಗಿ ನಾಶಪಡಿಸುವ ಔಷಧವು ಇಲ್ಲ. ಬೂಷ್ಟುರೋಗಗಳಿಗೆ ಕೊಡುವ ಔಷಧಗಳು ಇದಕ್ಕೆ ನಾಟವು. ಆದರೂ ಆಸ್ಪತ್ರೆಗೆ ಬೇಗ ಸೇರಿದರೆ ದೇಹದ ನೀರಿನಂಶವು ಕುಂದದಂತೆಯೂ ರಕ್ತಸ್ರಾವವು ಮೀರದಂತೆಯೂ ನೋಡಿಕೊಂಡು ಪ್ರಾಣವನ್ನು ಉಳಿಸಬಹುದು. ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು, ವಿಶೇಷವಾಗಿ ಆಸ್ಪಿರಿನ್ ಜಾತಿಯವನ್ನು, ವೈದ್ಯರ ಅಪ್ಪಣೆಯಿಲ್ಲದೆ ನುಂಗಬಾರದು. ಅವುಗಳಿಂದ ರಕ್ತಸ್ರಾವವು ಹೆಚ್ಚೀತು. ಬಹುಕಾಲ ಬಳಕೆಯಲ್ಲಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಕಂಡುಬಂದುದರಿಂದ ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಪ್ರಯತ್ನವನ್ನು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ಕೈಕೊಂಡಿದೆ. ಹೀಗಿರುವುದರಿಂದ ಉಣ್ಣೆ ಕಡಿಯದಂತೆ ನೋಡಿಕೊಳ್ಳುವುದೇ ಮುಖ್ಯವಾದ ರಕ್ಷಣೆ.

ಮುಖಂಡರೂ ತೋಟದ ಯಜಮಾನರೂ ಮಾಡತಕ್ಕ ಕೆಲಸಗಳು

೧. ತೋಟದಲ್ಲಾಗಲಿ, ಕಾನಿನಲ್ಲಾಗಲಿ, ಹಳ್ಳದ ಬದಿಯಲ್ಲಾಗಲಿ ಮಂಗವು ಸತ್ತು ಬಿದ್ದಿದ್ದರೆ, ಅಥವಾ ಮಂಕಾಗಿ ನೆಲದಲ್ಲಿ ಕುಳಿತು ಓಡಲಾರದೆ ಇದ್ದರೆ, ಅದನ್ನು ಮುಟ್ಟದೆ ಆ ದಿವಸವೇ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೂ, ಪಶುವೈದ್ಯರಿಗೂ, ಅರಣ್ಯ ಇಲಾಖೆಯವರಿಗೂ, ಗ್ರಾಮ ಪಂಚಾಯಿತಿಗೂ ವರ್ತಮಾನ ಕೊಡತಕ್ಕದ್ದು. ಸ್ಥಳವನ್ನು ತೋರಿಸಲು ಒಬ್ಬನನ್ನು ಗೊತ್ತುಮಾಡಿಡಬೇಕು.

೨. ಹೆಣದ ಸುತ್ತ ಸುಮಾರು ೫೦ ಅಡಿಗಳ ಒಳಗೆ ಯಾರೂ ಹೋಗದಂತೆ ಗೂಟ ನೆಟ್ಟು ಹಗ್ಗ ಕಟ್ಟಿಸಬೇಕು. ಕಟ್ಟುವವರು ಆ ಎಲ್ಲೆಯ ಹೊರಗೇ ನಿಂತು ಕಟ್ಟಬೇಕು. ಪರೀಕ್ಷೆಯಾದ ಮೇಲೆ ಹೆಣವನ್ನು ಸುಡುವುದನ್ನೂ ಸುತ್ತಣ ನೆಲಕ್ಕೆ ಉಣ್ಣೆನಾಶಕ ಪುಡಿಯನ್ನು ಉದುರಿಸುವುದನ್ನೂ ಇಲಾಖೆಯ ಸಿಬ್ಬಂದಿಯಿಂದಲೇ ಮಾಡಿಸತಕ್ಕದ್ದು. ಅಪ್ಪಣೆಯಾಗುವವರೆಗೆ ಆ ತುಂಡಿನ ಕುಯ್ಲನ್ನು ನಿಲ್ಲಿಸಬೇಕು. ಕೆಲವು ಗಿಡಗಳ ಹಣ್ಣು ಉದುರಿ ಹಾಳಾದರೂ ಆ ನಷ್ಟವು ಒಬ್ಬ ಆಳಿನ ಪ್ರಾಣಕ್ಕೆ ಸಮನಲ್ಲ.

೩. ಕುಯ್ಲಿನ ಕಾಲದಲ್ಲಿ ಆಳುಗಳಿಗೆ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಉಡುಪು, ಪಾದರಕ್ಷೆಗಳಿರುವಂತೆ ನೋಡಿಕೊಳ್ಳಬೇಕು. ಉಣ್ಣೆಗಳನ್ನು ದೂರವಿಡುವ ಡೇಪಾ ಎಂಬ ತೈಲವನ್ನು ಆರೋಗ್ಯ ಇಲಾಖೆಯು ಹಂಚುತ್ತದೆ. ಅದನ್ನು ಮುಂಚಿತವಾಗಿ ತರಿಸಿಟ್ಟು, ಪ್ರತಿದಿನವೂ ಕೆಲಸಕ್ಕೆ ಹೊರಡುವ ಮುನ್ನ ಕೈಕಾಲುಗಳಿಗೂ ಕುತ್ತಿಗೆಗೂ ಲೇಪಿಸಿಕೊಳ್ಳುವಂತೆ ಮೇಸ್ತ್ರಿಯು ಎದುರಿಗೆ ನಿಂತು ಮಾಡಿಸಬೇಕು.

೪. ಬಿಡುವಿನ ವೇಳೆಯಲ್ಲಿ ತರಗೆಲೆಯ ಮೇಲೆ ಕೂರುವುದು, ಮಲಗುವುದು, ಮಕ್ಕಳನ್ನು ಮಲಗಿಸುವುದು ಕೂಡದು. ಊಟಕ್ಕೆ ಗುಡಿಸಿದ ಕಣವನ್ನೋ ರಸ್ತೆಯ ಬದಿಯನ್ನೋ ಗೊತ್ತುಪಡಿಸಬೇಕು. ಸಂಜೆ ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ ಮಾಡತಕ್ಕದ್ದು. ಲೈನುಗಳಲ್ಲಿ ಸೌದೆಗೂ ಹಂಡೆಗೂ ಏರ್ಪಾಡು ಮಾಡಿಕೊಡುವುದು ಯಜಮಾನನ ಕರ್ತವ್ಯ. ಮೈಗೆ ಕಚ್ಚಿದ ಉಣ್ಣೆಯನ್ನು ಬೆರಳುಗಳಿಂದ ಹಿಸುಕದೆ, ಸಣ್ಣ ಚಿಮ್ಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು, ಆ ಜಾಗವನ್ನು ಸಾಬೂನಿನಿಂದ ತೊಳೆಯಬೇಕು.

೫. ಕೊಟ್ಟಿಗೆಗೂ ಗೊಬ್ಬರಕ್ಕೂ ದರಗನ್ನು ಮಂಗ ಸತ್ತ ಸೀಮೆಯ ಕಾಡಿನಿಂದ ಆ ಕಾಲದಲ್ಲಿ ತರಿಸಕೂಡದು. ವರ್ಷಕ್ಕೆ ಬೇಕಾಗುವ ದರಗನ್ನು ಊರಿನ ಹತ್ತಿರದ, ರೋಗವಿಲ್ಲದ ಜಾಗಗಳಿಂದ ಕೂಡಿಹಾಕಿಕೊಳ್ಳುವುದು ಲೇಸು. ಕಾಫಿ ಗಿಡಗಳ ಬುಡಕ್ಕೆ ತರಗೆಲೆಯ ಹೊದಿಕೆಯು ತೇವವನ್ನೂ ಸಾರವನ್ನೂ ಉಳಿಸುವುದಾದುದರಿಂದ, ಭಯದಿಂದ ತೋಟದ ಹೊದಿಕೆಯನ್ನೆಲ್ಲ ಸುಡಬಾರದು. ಆಳುಗಳು ನಡೆಯುವ ಕಾಲುದಾರಿ, ಲೈನಿನ ಅಂಗಳ, ಕೊಟ್ಟಿಗೆಯ ಸುತ್ತ, ಇವಿಷ್ಟನ್ನು ಗುಡಿಸಿ ಬೋಳಾಗಿಟ್ಟರೆ ಸಾಕು.

೬. ಬೇಸಗೆಯಲ್ಲಿ ದನಗಳ ಮೇವನ್ನು ಕಾಡಿನಿಂದ ತಪ್ಪಿಸಿ ಕೊಟ್ಟಿಗೆಯಲ್ಲಿಯೇ ಒದಗಿಸುವುದು ಉತ್ತಮ. ದನಗಳ ಉಣ್ಣೆ ನಿವಾರಣೆಗೆ ಪಶುವೈದ್ಯರ ಸಲಹೆಯಂತೆ ಔಷಧವನ್ನು ಹಾಕಿಸಬೇಕು. ಇದರಿಂದ ಹಾಲಿನ ಇಳುವರಿಗೂ ಅನುಕೂಲವಿದೆ.

೭. ಕುಯ್ಲಿಗೆಂದು ಬಯಲುಸೀಮೆಯಿಂದಲೂ ಹೊರ ರಾಜ್ಯಗಳಿಂದಲೂ ಬರುವ ಆಳುಗಳು ಈ ರೋಗದ ಹೆಸರನ್ನೇ ಕೇಳಿರುವುದಿಲ್ಲ. ಜ್ವರ ಬಂದರೆ ಕೂಲಿ ತಪ್ಪೀತೆಂಬ ಭಯದಿಂದ ಅವರು ಅದನ್ನು ಮುಚ್ಚಿಡುವುದೂ ಉಂಟು. ಬಂದ ದಿವಸವೇ ಅವರ ಭಾಷೆಯಲ್ಲಿ ವಿಷಯವನ್ನು ತಿಳಿಸಿ, ಜ್ವರ ಬಂದವನನ್ನು ಆ ದಿವಸವೇ ಆರೋಗ್ಯ ಕೇಂದ್ರಕ್ಕೆ ಕಳುಹಿಸಲಾಗುವುದೆಂದೂ, ಅದಕ್ಕಾಗಿ ಅವನ ಕೂಲಿಯನ್ನು ಹಿಡಿಯುವುದಿಲ್ಲವೆಂದೂ ಭರವಸೆ ಕೊಡತಕ್ಕದ್ದು. ಈ ಭರವಸೆಯಿಲ್ಲದಿದ್ದರೆ ಮಿಕ್ಕ ನಿಯಮಗಳೆಲ್ಲ ಕಾಗದದ ಮೇಲೆಯೇ ಉಳಿಯುವುವು.

ರೋಗವು ಯಾವ ಬಾಗಿಲಿನಿಂದ ಬರುತ್ತದೆಂಬುದನ್ನು ತಿಳಿದು ಆ ಬಾಗಿಲನ್ನು ಮುಚ್ಚುವುದೇ ನೆಲದ ರೋಗಗಳಿಗೆಲ್ಲ ಯೋಗ್ಯವಾದ ಉಪಾಯ. ಧೂಳಿನಿಂದ ಬರುವ ಬೂಷ್ಟಿಗೆ ಮೂಗನ್ನೂ, ಮುಳ್ಳಿನ ಗಾಯದಿಂದ ಬರುವುದಕ್ಕೆ ಪಾದವನ್ನೂ, ಉಣ್ಣೆಯಿಂದ ಬರುವುದಕ್ಕೆ ಮೈಚರ್ಮವನ್ನೂ ಕಾಪಾಡಿಕೊಳ್ಳಬೇಕು. ಆಲ್ದೂರು, ಮೂಡಿಗೆರೆ, ಕಳಸಗಳ ತೋಟಗಳಲ್ಲಿ ಈಗ ಬೇಕಾಗಿರುವುದು ಮೂರನೆಯದು. ಮಳೆ ನಿಂತು ಕುಯ್ಲಿಗೆ ಬುಟ್ಟಿ ಚೀಲಗಳನ್ನು ಸಿದ್ಧಪಡಿಸುವಾಗಲೇ ತೈಲವನ್ನೂ ತರಿಸಿಟ್ಟು, ಸತ್ತ ಮಂಗವನ್ನು ಕಂಡರೆ ಯಾರಿಗೆ ತಿಳಿಸಬೇಕೆಂಬುದನ್ನು ಪ್ರತಿಯೊಬ್ಬ ಮೇಸ್ತ್ರಿಗೂ ಹೇಳಿಟ್ಟಿರಬೇಕು.